ನೂರು ಸಲ ಕ್ಷಮೆ ಕೇಳಿದ ಮೇಲೂ ಮನಸ್ಸು ಯಾಕೆ ಹಗುರವಾಗುವುದಿಲ್ಲ?

ಪ್ರಶ್ನೆ: ನನಗೆ 41 ವರ್ಷ. ಹುಟ್ಟಿನಿಂದ ಕ್ರೈಸ್ತಳು, ಸಂಡೇ ಸ್ಕೂಲಿನಲ್ಲೇ ಬೆಳೆದವಳು. ಹದಿನೆಂಟು ವರ್ಷದ ಹಿಂದೆ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವರ ಬೀರುವಿನಿಂದ 40,000 ರೂಪಾಯಿ ತೆಗೆದುಕೊಂಡೆ. ನನ್ನದೊಂದು ಸಾಲ ತೀರಿಸಬೇಕಿತ್ತು. ಹಣ ಇಲ್ಲ ಅಂತ ಗೊತ್ತಾದಾಗ ಎಲ್ಲರ ಕಣ್ಣು ಅತ್ತಿಗೆ ಮೇಲೆ ಬಿತ್ತು, ಬೀಗದ ಕೈ ಅವರ ಹತ್ತಿರ ಇತ್ತು. ನಾನು ಬಾಯಿ ಬಿಡಲಿಲ್ಲ. ಅಪ್ಪ ಅತ್ತಿಗೆಯೇ ಕದ್ದಳು ಅಂದುಕೊಂಡೇ ತೀರಿಕೊಂಡರು. ಅತ್ತಿಗೆ ಆಮೇಲೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಅಂದಿನಿಂದ ದಿನಾ ರಾತ್ರಿ ದೇವರಲ್ಲಿ ಕ್ಷಮೆ ಕೇಳುತ್ತೇನೆ. 21 ದಿನ ಉಪವಾಸ ಮಾಡಿದೆ. ತೆಗೆದದ್ದಕ್ಕಿಂತ ಜಾಸ್ತಿ ಹಣವನ್ನು ಸಭೆಯ (ಚರ್ಚಿನ) ಕಟ್ಟಡ ನಿಧಿಗೆ ಕೊಟ್ಟೆ. ಬೇರೆ ಸಭೆಯಲ್ಲಿ ಇನ್ನೊಂದು ಸಲ ದೀಕ್ಷಾಸ್ನಾನವನ್ನೂ ತೆಗೆದುಕೊಂಡೆ. ಎರಡು ವಾರ ಹಗುರ ಅನಿಸಿತು, ಮತ್ತೆ ಅದೇ ಭಾರ. ಈಗ ಎರಡು ವರ್ಷದಿಂದ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲೂ ಏಳುವುದಿಲ್ಲ. ಅಯೋಗ್ಯಳಾಗಿ ತಿಂದರೆ ಇನ್ನೂ ದೊಡ್ಡ ಪಾಪ ಅಲ್ವಾ? ಕ್ಷಮೆಯೇ ಇಲ್ಲದ ಪಾಪ ಅಂತ ಯೇಸು ಹೇಳಿದ್ದು ಇದೇನಾ? ನಾನು ಶುದ್ಧಳಾಗುವುದು ಹೇಗೆ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ಆ ದೊಡ್ಡ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಅದು ತಲೆಯಲ್ಲಿ ಕೂತಿದ್ದರೆ ಉಳಿದ ಯಾವ ಮಾತೂ ಒಳಗೆ ಇಳಿಯುವುದಿಲ್ಲ.

ನೀವು ಮಾಡಿದ್ದು ಕ್ಷಮೆಯಿಲ್ಲದ ಪಾಪ ಅಲ್ಲ. ಮಾರ್ಕನ ಸುವಾರ್ತೆಯ 3ನೇ ಅಧ್ಯಾಯವನ್ನು 22ನೇ ವಚನದಿಂದ ಓದಿ. ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳು ಯೇಸು ದೆವ್ವ ಬಿಡಿಸುತ್ತಿದ್ದ ಕೆಲಸವನ್ನು ನೋಡಿ, ಇದು ದೆವ್ವಗಳ ಒಡೆಯನ ಬಲದಿಂದ ಆಗುತ್ತಿರುವುದು ಅಂದರು. ದೇವರ ಕೆಲಸವನ್ನೇ ಸೈತಾನನ ಕೆಲಸ ಅಂದುಬಿಟ್ಟರು. ಯೇಸು ಆ ಮಾತನ್ನು ಯಾಕೆ ಹೇಳಿದರು ಅನ್ನುವುದನ್ನು 30ನೇ ವಚನದಲ್ಲಿ ಮಾರ್ಕನೇ ಬಿಡಿಸಿ ಬರೆದಿದ್ದಾನೆ, ಇವನಲ್ಲಿ ಅಶುದ್ಧಾತ್ಮ ಇದೆ ಅಂತ ಅವರು ಹೇಳಿದ್ದಕ್ಕೆ. ಆ ಜನ ರಾತ್ರಿ ನಿದ್ದೆಗೆಟ್ಟು ಅಳುತ್ತಿರಲಿಲ್ಲ. ಅವರಿಗೆ ಕ್ಷಮೆ ಬೇಕಾಗಿಯೇ ಇರಲಿಲ್ಲ. ಹದಿನೆಂಟು ವರ್ಷದಿಂದ ಕ್ಷಮೆಗಾಗಿ ಒದ್ದಾಡುತ್ತಿರುವ ನೀವು ಆ ಸಾಲಿನಲ್ಲಿ ನಿಲ್ಲುವವರೇ ಅಲ್ಲ. ಈ ಭಯವನ್ನು ಇಲ್ಲೇ ಇಳಿಸಿಬಿಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಪ್ರಾರ್ಥನೆ ಇದೆ, ಉಪವಾಸ ಇದೆ, ಕಾಣಿಕೆ ಇದೆ, ಎರಡನೆಯ ದೀಕ್ಷಾಸ್ನಾನ ಇದೆ. ಒಂದೇ ಒಂದು ವಾಕ್ಯ ಇಲ್ಲ. "ಅತ್ತಿಗೆಗೆ ಹೇಳಿದೆ" ಅನ್ನುವ ವಾಕ್ಯ. ನಾನು ಅದನ್ನೇ ಹುಡುಕುತ್ತಾ ಓದಿದೆ. ನೀವು ಒಂದು ಅಂಗಡಿಯ ಸಾಲವನ್ನು ಇನ್ನೊಂದು ಅಂಗಡಿಯಲ್ಲಿ ಕಟ್ಟುತ್ತಾ ಬಂದಿದ್ದೀರಿ, ಅದೂ ಯಾವ ಅಂಗಡಿಯಲ್ಲಿ ನಿಮ್ಮ ಲೆಕ್ಕ ಯಾವತ್ತೋ ಚುಕ್ತಾ ಆಗಿದೆಯೋ ಅಲ್ಲಿ. ಬಾಕಿ ಇರುವ ಕಡೆ ಮಾತ್ರ ಇನ್ನೂ ಕಾಲಿಟ್ಟಿಲ್ಲ. ಹಾಗಾಗಿ ಎಷ್ಟು ಕಟ್ಟಿದರೂ ತೀರಿದ ಹಾಗೆ ಅನಿಸುತ್ತಿಲ್ಲ.

ಇದನ್ನು ಇಷ್ಟಕ್ಕೇ ಹೇಳಿ ಮುಗಿಸಿದರೆ ನಿಮ್ಮ ಮೇಲೆ ಇನ್ನೊಂದು ಭಾರ ಹೊರಿಸಿದ ಹಾಗಾಗುತ್ತದೆ. ಆದ್ದರಿಂದ ಮೊದಲು ದೇವರ ಕಡೆಯ ಲೆಕ್ಕ ನೋಡೋಣ. ಅಲ್ಲಿ ಗಟ್ಟಿಯಾಗಿ ಕಾಲೂರದೆ ಅತ್ತಿಗೆಯ ಮನೆ ಬಾಗಿಲಿಗೆ ಹೋಗುವ ಧೈರ್ಯ ಯಾರಿಗೂ ಬರುವುದಿಲ್ಲ.

51ನೇ ಕೀರ್ತನೆ, ರಾಜ ದಾವೀದನ ಪಶ್ಚಾತ್ತಾಪದ ಹಾಡು, ನಿಮಗೆ ಬಾಯಿಪಾಠ ಇರಬಹುದು. ದಾವೀದ ಬತ್ಷೆಬೆಯನ್ನು ಕರೆಸಿಕೊಂಡ, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಕೊಲ್ಲಿಸಿದ. ಪ್ರವಾದಿ ನಾತಾನ ಬಂದು ನಿಂತಾಗ ಮಗು ಹುಟ್ಟಿಯಾಗಿತ್ತು. ಅಂದರೆ ಹೆಚ್ಚುಕಡಿಮೆ ಒಂದು ವರ್ಷ ರಾಜ ಸುಮ್ಮನಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಮೈಗೆ ಏನಾಗುತ್ತದೆ ಅಂತ 32ನೇ ಕೀರ್ತನೆಯಲ್ಲಿ ಹೇಳಿದೆ. ಮೂಳೆ ಸವೆಯಿತು, ಬೇಸಿಗೆಯಲ್ಲಿ ನೀರು ಆರಿದ ಹಾಗೆ ಒಳಗಿನ ಸಾರವೆಲ್ಲ ಬತ್ತಿತು. ನಿಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

51ರ ಎರಡನೇ ವಚನದಲ್ಲಿ "ನನ್ನನ್ನು ಚೆನ್ನಾಗಿ ತೊಳೆ" ಅಂತ ಬರುತ್ತದೆ. ಕೀರ್ತನೆಯ ಮೂಲ ಭಾಷೆ ಇಬ್ರಿಯ, ಅಂದರೆ ಹೀಬ್ರೂ. ಅದರಲ್ಲಿ ತೊಳೆಯುವುದಕ್ಕೆ ಬೇರೆ ಬೇರೆ ಮಾತುಗಳಿವೆ. ಮೈ, ಕೈ, ಕಾಲು ತೊಳೆಯುವುದಕ್ಕೆ ಒಂದು, ಬಟ್ಟೆ ಒಗೆಯುವುದಕ್ಕೆ ಇನ್ನೊಂದು. ದಾವೀದ ಬಳಸಿದ್ದು ಎರಡನೆಯದು, ಕಾಬಸ್ ಅನ್ನುವ ಮಾತು. ಆ ಕಾಲದ ಅಗಸರು ಬಟ್ಟೆಯನ್ನು ನೀರಲ್ಲಿ ಕಾಲಿನಿಂದ ತುಳಿದು, ಕುಕ್ಕಿ, ಕೊಳೆ ಬಿಡಿಸುತ್ತಿದ್ದರು. ನಮ್ಮ ಮಾತಲ್ಲಿ ಹೇಳುವುದಾದರೆ, "ದೇವರೇ, ನನ್ನನ್ನು ಕಲ್ಲಿನ ಮೇಲೆ ಹಾಕಿ ಒಗೆ" ಅಂದ ಹಾಗೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಬಟ್ಟೆ ತನ್ನನ್ನು ತಾನೇ ಒಗೆದುಕೊಳ್ಳುವುದಿಲ್ಲ. ಯೆರೆಮೀಯನ 2:22ರಲ್ಲಿ ಅದೇ ಮಾತು ಮತ್ತೆ ಬರುತ್ತದೆ. ನೀನು ಚೌಳಿನಿಂದ ಒಗೆದುಕೊಂಡರೂ, ಎಷ್ಟು ಸಬಕಾರ ಹಾಕಿದರೂ ಕಲೆ ಹಾಗೇ ಇದೆ ಅಂತ ದೇವರು ಅಲ್ಲಿ ಹೇಳುತ್ತಾರೆ. ಎರಡೂ ಕಡೆ ಕ್ರಿಯೆ ಒಂದೇ, ಮಾಡುವ ಕೈ ಬೇರೆ. ನಿಮ್ಮ 21 ದಿನದ ಉಪವಾಸವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಅದು ನಿಮ್ಮ ಸಬಕಾರ ಆಗಿತ್ತು.

ಅದೇ ಕೀರ್ತನೆಯ ಏಳನೇ ವಚನದಲ್ಲಿ ಹಿಸ್ಸೋಪ್ ಗಿಡ ಬರುತ್ತದೆ. ಕೀರ್ತನೆ ಹಾಡುವಾಗ ಅದನ್ನು ಸುಮ್ನೆ ದಾಟಿ ಹೋಗುತ್ತೇವೆ. ಯಾಜಕಕಾಂಡ 14ರಲ್ಲಿ, ಕುಷ್ಠ ವಾಸಿಯಾದವನನ್ನು ಮತ್ತೆ ಊರೊಳಗೆ ಸೇರಿಸಿಕೊಳ್ಳುವ ಕ್ರಮದಲ್ಲಿ ಈ ಗಿಡದ ಬಳಕೆ ಇದೆ. ಎರಡು ಹಕ್ಕಿ ತರುತ್ತಾರೆ. ಹರಿಯುವ ನೀರು ತುಂಬಿದ ಮಣ್ಣಿನ ಪಾತ್ರೆಯ ಮೇಲೆ ಒಂದನ್ನು ಕೊಯ್ಯುತ್ತಾರೆ. ದೇವದಾರು ಕಟ್ಟಿಗೆ, ಕೆಂಪು ದಾರ, ಹಿಸ್ಸೋಪ್ ಗಿಡ, ಜೀವಂತ ಇರುವ ಹಕ್ಕಿ, ಎಲ್ಲವನ್ನೂ ಆ ರಕ್ತದಲ್ಲಿ ಅದ್ದಿ ಅವನ ಮೇಲೆ ಏಳು ಸಲ ಚಿಮುಕಿಸಿ, "ನೀನು ಶುದ್ಧ" ಅಂತ ಯಾಜಕ ಹೇಳುತ್ತಾನೆ. ಆಮೇಲೆ ಆ ಜೀವಂತ ಹಕ್ಕಿಯನ್ನು ಬಯಲಿಗೆ ಹಾರಿಬಿಡುತ್ತಾನೆ. ಇದರಲ್ಲಿ ನನ್ನನ್ನು ಯಾವಾಗಲೂ ತಡೆದು ನಿಲ್ಲಿಸುವುದು ಮೂರನೇ ವಚನ. ರೋಗಿ ಊರೊಳಗೆ ಬರುವ ಹಾಗಿಲ್ಲ, ಅದಕ್ಕೆ ಯಾಜಕನೇ ಪಾಳೆಯ ಬಿಟ್ಟು ಹೊರಗೆ ಹೋಗಬೇಕು. ಇನ್ನೊಂದು, ಆ ಮನುಷ್ಯ ತಾನು ಶುದ್ಧ ಅಂತ ತಾನೇ ಹೇಳಿಕೊಳ್ಳುವುದಿಲ್ಲ. ಅವನಿಗೆ ಆ ಹೊತ್ತಲ್ಲಿ ಹೇಗನಿಸಿತು ಅಂತ ಯಾರೂ ಕೇಳುವುದಿಲ್ಲ. ಹೇಳಬೇಕಾದವನು ಹೇಳಿದ, ಮುಗಿಯಿತು. ಎಷ್ಟೋ ವರ್ಷ ಊರ ಹೊರಗೆ ಬದುಕಿದವನಿಗೆ ಆ ದಿನ ಮತ್ತೆ ಪಾಳೆಯದೊಳಗೆ ಕಾಲಿಡುವಾಗ ಕಾಲು ನಡುಗಿರಲೂಬಹುದು. ನಡುಗಿದರೂ ಅವನು ಶುದ್ಧನೇ.

ನೀವು ಇಷ್ಟು ವರ್ಷ ಕಾಯುತ್ತಿರುವುದು ಒಂದು ಅನಿಸಿಕೆಗಾಗಿ. "ಎರಡು ವಾರ ಹಗುರ ಅನಿಸಿತು" ಅಂತ ಬರೆದಿದ್ದೀರಿ. ಆದರೆ 1 ಯೋಹಾನ 1:9 ಅನಿಸಿಕೆಯ ಮಾತೇ ಆಡುವುದಿಲ್ಲ. ನಾವು ಪಾಪವನ್ನು ಒಪ್ಪಿಕೊಂಡರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸಿ ಶುದ್ಧಿಮಾಡುತ್ತಾನೆ ಅನ್ನುತ್ತದೆ. ಅಲ್ಲಿ ಶುದ್ಧಿಮಾಡುವುದಕ್ಕೆ ಯೋಹಾನ ಬಳಸಿದ ಗ್ರೀಕ್ ಮಾತು, ಮಾರ್ಕ 1:40ರಲ್ಲಿ ಕುಷ್ಠರೋಗಿ ಯೇಸುವಿನ ಮುಂದೆ ಮೊಣಕಾಲೂರಿ ಹೇಳಿದ ಅದೇ ಮಾತು. ಆ ರೋಗಿ "ನಿನಗೆ ಮನಸ್ಸಿದ್ದರೆ" ಅಂದ. ಯೇಸು ಕೈ ಚಾಚಿ ಅವನನ್ನು ಮುಟ್ಟಿದರು. ಮುಟ್ಟಿದ್ದು ವಾಸಿಯಾದ ಮೇಲಲ್ಲ, ಮೊದಲೇ.

ಮನಸ್ಸು ಚುಚ್ಚುತ್ತಲೇ ಇದ್ದರೆ? ಅದಕ್ಕೂ ಯೋಹಾನನ ಅದೇ ಪತ್ರದಲ್ಲಿ ಜಾಗ ಇದೆ. 3:20 ತೆಗೆಯಿರಿ. ನಮ್ಮ ಹೃದಯ ನಮ್ಮನ್ನು ದೋಷಿ ಅಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು. ನಂಬುವವರ ಹೃದಯವೂ ಹೀಗೆ ತಪ್ಪು ಹೊರಿಸುತ್ತದೆ ಅಂತ ಯೋಹಾನನಿಗೆ ಗೊತ್ತಿತ್ತು.

ಎರಡನೇ ದೀಕ್ಷಾಸ್ನಾನದ ಬಗ್ಗೆ ನಿಮ್ಮನ್ನು ಬೈಯುವುದಿಲ್ಲ. ಆದರೆ ಕೊನೆಯ ರಾತ್ರಿ ಆ ಮೇಲ್ಮಾಳಿಗೆಯಲ್ಲಿ ನಡೆದದ್ದನ್ನು ನೆನಪಿಸುತ್ತೇನೆ, ಯೋಹಾನ 13. ಯೇಸು ಶಿಷ್ಯರ ಕಾಲು ತೊಳೆಯುತ್ತಾ ಪೇತ್ರನ ಹತ್ತಿರ ಬಂದಾಗ ಅವನು ಮೊದಲು ಬೇಡ ಅಂದ, ಆಮೇಲೆ ಹಾಗಾದರೆ ಕಾಲು ಮಾತ್ರ ಅಲ್ಲ, ಕೈ ತಲೆ ಎಲ್ಲ ತೊಳೆ ಅಂದ. ಯೇಸು ಕೊಟ್ಟ ಉತ್ತರ ಇಷ್ಟೇ, ಸ್ನಾನ ಮಾಡಿಕೊಂಡವನಿಗೆ ಕಾಲು ತೊಳೆದರೆ ಸಾಕು. ನಮ್ಮ ಹಳ್ಳಿ ಮನೆಗಳಲ್ಲಿ ಬಾಗಿಲ ಹತ್ತಿರ ಒಂದು ಚೆಂಬು ನೀರು ಇಟ್ಟಿರುತ್ತಿದ್ದರು. ಹೊಲದಿಂದ, ಪೇಟೆಯಿಂದ ಬಂದವರು ಕಾಲು ತೊಳೆದು ಒಳಗೆ ಬರುತ್ತಿದ್ದರು. ದಾರಿಯ ಧೂಳು ಹತ್ತಿತು ಅಂತ ಯಾರೂ ಮತ್ತೆ ಹಂಡೆ ಕಾಯಿಸಿ ಎಣ್ಣೆ ಹಚ್ಚಿಕೊಂಡು ಮೀಯುತ್ತಿರಲಿಲ್ಲ. ದೀಕ್ಷಾಸ್ನಾನ ಆ ದೊಡ್ಡ ಸ್ನಾನ, ಅದು ಒಂದೇ ಸಲ. ದಿನದ ಪಾಪನಿವೇದನೆ ಚೆಂಬಿನ ನೀರು. ನೀವು ಹದಿನೆಂಟು ವರ್ಷದ ಹಿಂದಿನ ಒಂದೇ ಧೂಳಿಗೆ ದಿನಾ ರಾತ್ರಿ ಹಂಡೆ ಕಾಯಿಸುತ್ತಿದ್ದೀರಿ.

ಇಬ್ರಿಯರಿಗೆ ಬರೆದ ಪತ್ರದ 10ನೇ ಅಧ್ಯಾಯದಲ್ಲಿ ಒಂದು ಸಣ್ಣ ವಿವರ ಇದೆ. ಹಳೆಯ ಯಾಜಕರು ದಿನಾ ನಿಂತುಕೊಂಡು ಅದೇ ಯಜ್ಞಗಳನ್ನು ಮತ್ತೆ ಮತ್ತೆ ಅರ್ಪಿಸುತ್ತಿದ್ದರು. ದೇವದರ್ಶನದ ಗುಡಾರದಲ್ಲಿ ಮೇಜಿತ್ತು, ದೀಪಸ್ತಂಭ ಇತ್ತು, ಧೂಪವೇದಿ ಇತ್ತು. ಕೂತುಕೊಳ್ಳುವುದಕ್ಕೆ ಒಂದು ಪೀಠದ ಮಾತು ಎಲ್ಲೂ ಇಲ್ಲ, ಕೆಲಸ ಮುಗಿಯುತ್ತಲೇ ಇರಲಿಲ್ಲ. ಕ್ರಿಸ್ತನೋ ಒಂದೇ ಯಜ್ಞ ಅರ್ಪಿಸಿ ದೇವರ ಬಲಗಡೆ ಕೂತುಕೊಂಡನು ಅಂತ 12ನೇ ವಚನ ಹೇಳುತ್ತದೆ. ಕೂತುಕೊಂಡನು. ನೀವು ಮಾತ್ರ ಇನ್ನೂ ನಿಂತೇ ಇದ್ದೀರಿ, ತಂಗಿ.

ಈ ಕಾಯಿಲೆ ನಿಮಗೊಬ್ಬರಿಗೇ ಬಂದದ್ದಲ್ಲ. ಮುಂದೆ ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ 1505ರಲ್ಲಿ ಜರ್ಮನಿಯ ಎರ್ಫರ್ಟ್ ಊರಿನ ಮಠ ಸೇರಿದ ಮೇಲೆ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದರು. ಮಾಡಿ ಎದ್ದು ಬಂದರೆ ಇನ್ನೊಂದು ಪಾಪ ನೆನಪಾಗುತ್ತಿತ್ತು. ಅವರ ಮೇಲಿನವರಾದ ಯೋಹಾನ್ ಫಾನ್ ಸ್ಟೌಪಿಟ್ಸ್, ನಿನ್ನ ಪಾಪಗಳನ್ನು ನೋಡುತ್ತಾ ಕೂರಬೇಡ, ಕ್ರಿಸ್ತನ ಗಾಯಗಳನ್ನು ನೋಡು ಅಂತ ಅವರನ್ನು ತಿರುಗಿಸಿದರು. ಅದೇ ಕಾಲದಲ್ಲಿ ಸ್ಪೇನಿನಲ್ಲಿ ಲೊಯೊಲಾದ ಇಗ್ನೇಷಿಯಸ್. ಮುಂದೆ ಯೇಸುಸಭೆಯನ್ನು (ಜೆಸ್ವಿಟ್ ಗುರುಗಳ ಸಂಘವನ್ನು) ಕಟ್ಟಿದವರು. 1522ರಲ್ಲಿ ಮೊಂಟ್ಸೆರಾಟ್ ಬೆಟ್ಟದ ಮಠದಲ್ಲಿ ಇಡೀ ಜೀವನದ ಪಾಪಗಳನ್ನು ಬರೆದುಕೊಂಡು ಮೂರು ದಿನ ಪಾಪನಿವೇದನೆ ಮಾಡಿದರು. ಅಲ್ಲಿಂದ ಮನ್ರೇಸಾ ಊರಿಗೆ ಬಂದರೆ, ಅದನ್ನು ಸರಿಯಾಗಿ ಹೇಳಿದೆನೋ ಇಲ್ಲವೋ, ಇದು ಬಿಟ್ಟುಹೋಯಿತಲ್ಲ ಅನ್ನುವ ಕೊರೆತ ಶುರುವಾಯಿತು. ದಿನಕ್ಕೆ ಏಳು ಗಂಟೆ ಪ್ರಾರ್ಥನೆ ಮಾಡಿದರು. ದೇವರು ಸಮಾಧಾನ ಕೊಡುವ ತನಕ ತಿನ್ನುವುದಿಲ್ಲ ಅಂತ ಒಂದು ವಾರ ಪೂರ್ತಿ ಉಪವಾಸ ಕೂತರು, ಗುರುಗಳು ಆಜ್ಞೆ ಮಾಡಿ ತಿನ್ನಿಸಬೇಕಾಯಿತು. ಪ್ರಾಣ ಕಳೆದುಕೊಳ್ಳುವ ಯೋಚನೆ ಕೂಡ ಬಂತು. ಕೊನೆಗೆ ಅವರು ಹೊರಬಂದದ್ದು ಇನ್ನೂ ಚೆನ್ನಾಗಿ ಪಾಪನಿವೇದನೆ ಮಾಡಿ ಅಲ್ಲ. ಹಳೆಯ ಪಾಪಗಳನ್ನು ಇನ್ನು ಮೇಲೆ ಎತ್ತುವುದೇ ಇಲ್ಲ ಅಂತ ನಿರ್ಧಾರ ಮಾಡಿ. ಒಬ್ಬರು ರೋಮಿನ ಸಭೆಯಿಂದ ಹೊರಬಂದವರು, ಇನ್ನೊಬ್ಬರು ಅದಕ್ಕಾಗಿ ಜೀವ ತೇಯ್ದವರು. ಇಬ್ಬರಿಗೂ ಒಂದೇ ಹಳ್ಳ, ಇಬ್ಬರೂ ಹತ್ತಿ ಬಂದದ್ದು ತಮ್ಮ ಪ್ರಯತ್ನದ ಮೇಲಿಂದ ಕಣ್ಣು ತೆಗೆದಾಗ.

ಹಾಗಾದರೆ ನೀವೂ ಇಗ್ನೇಷಿಯಸ್ ಥರ ಮರೆತುಬಿಡಿ ಅಂತ ನಾನು ಹೇಳಬಹುದಿತ್ತು. ಹೇಳುವುದಿಲ್ಲ. ನಿಮ್ಮದರಲ್ಲಿ ಒಂದು ವ್ಯತ್ಯಾಸ ಇದೆ. ಅವರ ಕೊರೆತಕ್ಕೆ ಹೊರಗೆ ಆಧಾರ ಇರಲಿಲ್ಲ. ನಿಮ್ಮದಕ್ಕೆ ಇದೆ. ಎಲ್ಲೋ ಒಂದು ಊರಿನಲ್ಲಿ ಒಬ್ಬ ಹೆಂಗಸು ಮಾಡದ ಕಳ್ಳತನದ ಹೆಸರು ಹೊತ್ತುಕೊಂಡು ಬದುಕುತ್ತಿದ್ದಾರೆ. ಇವತ್ತು ಬೆಳಿಗ್ಗೆಯೂ ಅದನ್ನು ಹೊತ್ತುಕೊಂಡೇ ಎದ್ದಿದ್ದಾರೆ. ನಿಮ್ಮ ಮನಸ್ಸಾಕ್ಷಿ ಕೂಗುತ್ತಿರುವುದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ದೇವರು ಕ್ಷಮಿಸಿಲ್ಲ ಅನ್ನುವುದು ಸುಳ್ಳು. ಇನ್ನೂ ಕೆಲಸ ಬಾಕಿ ಇದೆ ಅನ್ನುವುದು ನಿಜ.

51ರ ನಾಲ್ಕನೇ ವಚನವನ್ನು ನೀವು ಆಸರೆಯಾಗಿ ಹಿಡಿದುಕೊಂಡಿರಬಹುದು, ನಿನಗೆ ಮಾತ್ರ ವಿರೋಧವಾಗಿ ಪಾಪ ಮಾಡಿದ್ದೇನೆ ಅಂತ ದಾವೀದ ದೇವರಿಗೆ ಹೇಳುವ ಮಾತು. ತುಂಬ ಜನ ಇದನ್ನು ಹಿಡಿದುಕೊಂಡು ಮನುಷ್ಯರನ್ನು ದಾಟಿಹೋಗುತ್ತಾರೆ. ದಾವೀದ ಊರೀಯನ ಹತ್ತಿರ ಹೋಗಿ ಕ್ಷಮೆ ಕೇಳುವ ಹಾಗಿರಲಿಲ್ಲ, ಅವನನ್ನು ಮಣ್ಣು ಮಾಡಿ ಆಗಿತ್ತು. ನಿಮ್ಮ ಅತ್ತಿಗೆ ಬದುಕಿದ್ದಾರೆ. ಇದು ನಿಮಗೆ ಸಿಕ್ಕಿರುವ ಕೃಪೆ, ದಾವೀದನಿಗೆ ಸಿಗಲಿಲ್ಲ.

ಮೋಶೆಯ ಧರ್ಮಶಾಸ್ತ್ರ ಈ ವಿಷಯದಲ್ಲಿ ಎಷ್ಟು ನೇರ ಅಂದರೆ, ಓದಿದವರಿಗೆ ಆಶ್ಚರ್ಯವಾಗುತ್ತದೆ. ಯಾಜಕಕಾಂಡ 6 ಮತ್ತು ಅರಣ್ಯಕಾಂಡ 5 ಓದಿ. ಒಬ್ಬರದ್ದನ್ನು ಮೋಸದಿಂದ ತೆಗೆದುಕೊಂಡವನು ಒಪ್ಪಿಕೊಳ್ಳಬೇಕು, ಪೂರ್ತಿ ಹಿಂದಕ್ಕೆ ಕೊಡಬೇಕು, ಅದಕ್ಕೆ ಐದರಲ್ಲಿ ಒಂದು ಪಾಲು ಸೇರಿಸಬೇಕು. ನಿಮ್ಮ ಲೆಕ್ಕದಲ್ಲಿ 40,000ಕ್ಕೆ 8,000 ಸೇರಿ 48,000. ಯಾರಿಗೆ ಕೊಡಬೇಕೋ ಅವರು ಸತ್ತು, ಹತ್ತಿರದ ಬಂಧುವೂ ಇಲ್ಲದಿದ್ದರೆ ಏನು ಮಾಡಬೇಕು ಅಂತ ಕೂಡ ಅರಣ್ಯಕಾಂಡ 5:8 ಹೇಳುತ್ತದೆ, ಆಗ ಮಾತ್ರ ಅದು ಯಾಜಕನಿಗೆ ಸೇರಬೇಕು. ಅಂದರೆ ದೇವಾಲಯಕ್ಕೆ ಬರುವುದು ಕೊನೆಯಲ್ಲಿ, ಬೇರೆ ಯಾರೂ ಉಳಿಯದಾಗ. ನೀವು ಕಟ್ಟಡ ನಿಧಿಗೆ ಕೊಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ, ಆದರೆ ಆ ಹಣ ನಿಮ್ಮ ಅಪ್ಪನ ಮನೆಯದ್ದು. ದೇವರು ಅದನ್ನು ಕೇಳಿರಲಿಲ್ಲ. ಮತ್ತಾಯ 5:23ರಲ್ಲಿ ಯೇಸು ಇನ್ನೂ ಗಟ್ಟಿಯಾಗಿ ಹೇಳುತ್ತಾರೆ. ಕಾಣಿಕೆ ಕೈಯಲ್ಲಿ ಹಿಡಿದು ಯಜ್ಞವೇದಿಯ ಹತ್ತಿರ ನಿಂತಾಗ ನಿನ್ನ ಮೇಲೆ ಸಹೋದರನಿಗೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು. ಯೇಸು ಇದನ್ನು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನಡೆದು ಹೋಗುವುದಕ್ಕೆ ದಿನಗಳೇ ಬೇಕು. ಅಷ್ಟು ದೂರ ಬಂದವನನ್ನೂ ಯೇಸು ವಾಪಸ್ ಕಳಿಸುತ್ತಾರೆ.

ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆ ಗೊತ್ತಲ್ಲ, ಲೂಕ 19. ಮೋಸದಿಂದ ತೆಗೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ಈ ನಾಲ್ಕರಷ್ಟು ಅನ್ನುವುದು ಹಿಂದೆ ದಾವೀದನ ಬಾಯಲ್ಲೂ ಬಂದಿತ್ತು. ನಾತಾನ ಬಡವನ ಕುರಿಮರಿಯ ಕಥೆ ಹೇಳಿದಾಗ ರಾಜ ಸಿಟ್ಟಿನಿಂದ ಕೊಟ್ಟ ತೀರ್ಪಿನಲ್ಲಿ. ಕದ್ದ ಕುರಿಗೆ ನಾಲ್ಕು ಕುರಿ ಅಂತ ವಿಮೋಚನಕಾಂಡ 22ರಲ್ಲೇ ಇದೆ. ಆದರೆ ಕ್ರಮ ನೋಡಿ. ಜಕ್ಕಾಯ ಕೊಟ್ಟದ್ದಕ್ಕೆ ಯೇಸು ಅವನ ಮನೆಗೆ ಬರಲಿಲ್ಲ. ಅವನು ಹತ್ತಿ ಕೂತಿದ್ದ ಮರದ ಕೆಳಗೆ ಯೇಸು ನಿಂತು ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂದ ಮೇಲೆ ಅವನ ಕೈ ಬಿಚ್ಚಿತು. ನೀವು 48,000 ಕೊಟ್ಟು ಕ್ಷಮೆ ಕೊಂಡುಕೊಳ್ಳುತ್ತಿಲ್ಲ. ಕ್ಷಮೆ ಸಿಕ್ಕಿರುವುದರಿಂದ ಕೊಡುವ ಧೈರ್ಯ ಬರುತ್ತದೆ.

ಮಂಗಳೂರು ಕಡೆಯ ಕಥೊಲಿಕರು ಇದನ್ನು ಓದುತ್ತಿದ್ದರೆ, ಕುಮ್ಸಾರ್ (ಪಾದ್ರಿಗಳ ಮುಂದೆ ಪಾಪನಿವೇದನೆ) ಮಾಡಿಯಾಯಿತು, ಪಾದ್ರಿಗಳು ಪಾಪಪರಿಹಾರ ಹೇಳಿದರು, ಮುಗೀತಲ್ಲ ಅಂದುಕೊಳ್ಳಬಹುದು. ಅವರ ಸಭೆಯ ಬೋಧನೆ ಕೂಡ ಅಷ್ಟಕ್ಕೆ ಬಿಡುವುದಿಲ್ಲ. 1992ರಲ್ಲಿ ಬಂದ ಕಥೊಲಿಕ ಧರ್ಮೋಪದೇಶದ 1459ನೇ ವಿಭಾಗದಲ್ಲಿ, ಪಾಪಪರಿಹಾರ ಪಾಪವನ್ನು ತೆಗೆಯುತ್ತದೆ, ಆದರೆ ಪಾಪದಿಂದ ಆದ ಹಾನಿಯನ್ನೆಲ್ಲ ಸರಿಮಾಡುವುದಿಲ್ಲ ಅಂತ ಇದೆ. ಅಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ ಎರಡು ನಿಮ್ಮ ಮುಂದೆಯೇ ಇಟ್ಟ ಹಾಗಿವೆ, ಕದ್ದದ್ದನ್ನು ಹಿಂದಕ್ಕೆ ಕೊಡುವುದು ಮತ್ತು ಕೆಡಿಸಿದ ಹೆಸರನ್ನು ಸರಿಪಡಿಸುವುದು.

ನಿಮ್ಮದರಲ್ಲಿ ಹಣ ಚಿಕ್ಕದು. ಹೆಸರು ದೊಡ್ಡದು.

ನಾನೂ ಇಂಥದ್ದೊಂದನ್ನು ದಾಟಿ ಬಂದವನು. ಓದುವ ಕಾಲದಲ್ಲಿ ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದೆ. ಇಬ್ಬರ ಉತ್ತರ ಒಂದೇ ಥರ ಇದ್ದದ್ದರಿಂದ ಅವನನ್ನೇ ಹಿಡಿದರು, ಅವನು ಒಂದು ವರ್ಷ ಕಳೆದುಕೊಂಡ. ನಾನು ಪಾಸಾದೆ, ಆಮೇಲೆ ಸಭಾಪಾಲಕನೂ ಆದೆ. ಬಲಿಪೀಠದ ಮುಂದೆ ನಿಂತು ಜನರಿಗೆ ಪಾಪಕ್ಷಮೆಯ ಮಾತು ಹೇಳುವಾಗೆಲ್ಲ ಅವನ ಮುಖ ಬರುತ್ತಿತ್ತು. ಹನ್ನೊಂದು ವರ್ಷದ ಮೇಲೆ ವಿಳಾಸ ಹುಡುಕಿ ಪತ್ರ ಬರೆದೆ. ಸಂಸ್ಥೆಗೂ ಬರೆದೆ, ಅವನ ದಾಖಲೆಯಲ್ಲಿ ಸರಿಪಡಿಸಿ ಅಂತ. ಅವನಿಂದ ಉತ್ತರ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಬರಲಿ ಅಂತ ತುಂಬ ಆಸೆ ಇತ್ತು, ಈಗಲೂ ಇದೆ. ಆದರೆ ಆ ಪತ್ರವನ್ನು ಅಂಚೆ ಡಬ್ಬಿಗೆ ಹಾಕಿದ ಮೇಲಿನ ಭಾನುವಾರ ಪಾಪನಿವೇದನೆಯ ಪ್ರಾರ್ಥನೆಯನ್ನು ಸಭೆಯ ಜೊತೆ ನಾನೂ ಹೇಳಿದೆ, ಕ್ಷಮೆಯ ಮಾತನ್ನು ನನ್ನ ಕಿವಿಯಿಂದಲೇ ಕೇಳಿಸಿಕೊಂಡೆ. ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

ಅತ್ತಿಗೆಗೆ ಹೇಳುವುದು ಹೇಗೆ? ಮೊದಲು ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿ. ನಿಮ್ಮ ಸಭಾಪಾಲಕರಾದ ಅಯ್ಯನವರಾಗಲಿ, ಸಭೆಯಲ್ಲಿ ಬಾಯಿ ಬಿಗಿಯಿರುವ ಒಬ್ಬ ಹಿರಿಯ ಹೆಂಗಸಾಗಲಿ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಅಂತ ಯಾಕೋಬ 5:16 ಹೇಳುವುದು ಇದಕ್ಕೇ. ಮನಸ್ಸಿನೊಳಗೆ ಸಾವಿರ ಸಲ ಹೇಳಿಕೊಂಡ ಮಾತು ಇನ್ನೊಬ್ಬರ ಎದುರು ಒಂದು ಸಲ ಬಂದಾಗ ಬೇರೆಯೇ ಆಗುತ್ತದೆ. ಆಮೇಲೆ ಅತ್ತಿಗೆಗೆ ಫೋನ್ ಮಾಡಿ, ಬರಬಹುದಾ ಅಂತ ಕೇಳಿ, ಎದುರು ಕೂತು ಹೇಳಿ. ಫೋನಿನಲ್ಲಿ ಮುಗಿಸಬೇಡಿ. "ನಿಮಗೆ ನೋವಾಗಿದ್ದರೆ ಕ್ಷಮಿಸಿ" ಅನ್ನಬೇಡಿ. ನೋವಾಗಿದೆ, ಅದರಲ್ಲಿ "ಆಗಿದ್ದರೆ" ಇಲ್ಲ. "ಹಣ ತೆಗೆದದ್ದು ನಾನು. ನಿಮ್ಮನ್ನು ಅನುಮಾನಿಸಿದಾಗ ನನಗೆ ಗೊತ್ತಿತ್ತು, ನಾನು ಸುಮ್ಮನಿದ್ದೆ." ಇಷ್ಟೇ ಸಾಕು. ಸಾಲದ ಕಥೆ, ಆಗ ನನಗೆ ಎಷ್ಟು ಕಷ್ಟ ಇತ್ತು, ಇದೆಲ್ಲ ಅವರು ಕೇಳಿದರೆ ಮಾತ್ರ. "ದೇವರು ನನ್ನನ್ನು ಕ್ಷಮಿಸಿದ್ದಾರೆ, ನೀವೂ ಕ್ಷಮಿಸಬೇಕು" ಅಂತ ದಯವಿಟ್ಟು ಹೇಳಬೇಡಿ, ಸತ್ಯವೇದದ ವಚನ ತೆಗೆದುಕೊಂಡು ಹೋಗಬೇಡಿ. ನಿಮ್ಮ ಅಳು ಜಾಸ್ತಿಯಾಗಿ ಅವರೇ ನಿಮ್ಮನ್ನು ಸಮಾಧಾನ ಮಾಡುವ ಹಾಗೂ ಆಗಬಾರದು. ಅವರು ಬೈದರೆ ಕೇಳಿಸಿಕೊಳ್ಳಿ. ಎದ್ದು ಹೋಗು ಅಂದರೆ ಎದ್ದು ಬನ್ನಿ.

ಅಣ್ಣನಿಗೂ ಹೇಳಬೇಕು. ಆ ದಿನ ಅನುಮಾನಪಟ್ಟ ಚಿಕ್ಕಪ್ಪ ಚಿಕ್ಕಮ್ಮಂದಿರು ಯಾರು ಯಾರಿದ್ದರೋ ಅವರಿಗೂ. ಇದು ಎಲ್ಲಕ್ಕಿಂತ ಕಷ್ಟದ ಭಾಗ ಅಂತ ನನಗೆ ಗೊತ್ತು. ಆದರೆ ಹೆಸರು ಕೆಟ್ಟದ್ದು ಮನೆಮಂದಿಯ ನಡುವೆ, ಅದು ಸರಿಯಾಗಬೇಕಾದದ್ದೂ ಅಲ್ಲೇ. ಯಾರಿಗೆ, ಯಾವಾಗ ಹೇಳಬೇಕು ಅನ್ನುವುದನ್ನು ಅತ್ತಿಗೆಯನ್ನೇ ಕೇಳಿ, ಇದರಲ್ಲಿ ತೀರ್ಮಾನ ಅವರದ್ದಾಗಲಿ.

ಅವರು ಕ್ಷಮಿಸದೆ ಇರಬಹುದು. ಆಗ ನೀವು ಮತ್ತೆ ಹಳೆಯ ಜಾಗಕ್ಕೆ ಬೀಳಬೇಡಿ. ಅವರ ಕ್ಷಮೆ ನಿಮ್ಮನ್ನು ಶುದ್ಧಮಾಡುವ ನೀರಲ್ಲ, ಅದು ಅವರ ಕೈಯಲ್ಲಿರುವ ಉಡುಗೊರೆ. ಒಂದೇ ರಾತ್ರಿ ತಪ್ಪಿದ ಇಬ್ಬರನ್ನು ನೆನಪಿಸಿಕೊಳ್ಳಿ. ಯೇಸುವನ್ನು ಹಿಡಿದುಕೊಟ್ಟ ಯೂದ ಕೂಡ "ಪಾಪ ಮಾಡಿದೆ" ಅಂತ ಬಾಯಿಬಿಟ್ಟು ಹೇಳಿದ, 30 ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೂ ಕೊಟ್ಟ. ಮಹಾಯಾಜಕರು, ಅದು ನಮಗೇನು, ನೀನೇ ನೋಡಿಕೋ ಅಂದರು. ಅವರ ಬಾಗಿಲು ಮುಚ್ಚಿದಾಗ ಎಲ್ಲವೂ ಮುಚ್ಚಿತು ಅಂತ ಅವನು ತಿಳಿದುಕೊಂಡ. ಪೇತ್ರ ಅವತ್ತೇ ಮಹಾಯಾಜಕನ ಅಂಗಳದಲ್ಲಿ ಇದ್ದಿಲ ಬೆಂಕಿ ಕಾಯಿಸುತ್ತಾ ಮೂರು ಸಲ ಯೇಸುವನ್ನು ಗೊತ್ತಿಲ್ಲ ಅಂದಿದ್ದ. ಅವನು ಅತ್ತ, ಆದರೆ ಉಳಿದ ಶಿಷ್ಯರನ್ನು ಬಿಟ್ಟು ಹೋಗಲಿಲ್ಲ. ಆಮೇಲೆ ಸಮುದ್ರದ ದಡದಲ್ಲಿ ಯೇಸು ಮೀನು ಸುಡುತ್ತಾ ಕಾಯುತ್ತಿದ್ದದ್ದು ಕೂಡ ಇದ್ದಿಲ ಬೆಂಕಿಯ ಹತ್ತಿರ. ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಆ ಮಾತು ಬರುವುದು ಈ ಎರಡೇ ಕಡೆ, ಯೋಹಾನ 18 ಮತ್ತು 21. ಅದೇ ಥರದ ಬೆಂಕಿಯ ಮುಂದೆ ಕೂರಿಸಿ, ಮೂರು ಸಲ ಕೇಳಿ, ಮೂರು ಸಲವೂ ಕೆಲಸ ಒಪ್ಪಿಸಿದರು.

ಕರ್ತನ ಭೋಜನದ ಭಯದ ಬಗ್ಗೆ ಸ್ವಲ್ಪ. 1 ಕೊರಿಂಥ 11ರಲ್ಲಿ ಪೌಲ "ಅಯೋಗ್ಯವಾಗಿ" ಅಂದದ್ದು ಯಾಕೆ ಅಂತ 21ನೇ ವಚನದಲ್ಲಿದೆ. ಕೆಲವರು ಮೊದಲೇ ಬಂದು ತಿಂದು ಕುಡಿದು ಅಮಲೇರುತ್ತಿದ್ದರು, ಇನ್ನು ಕೆಲವರು ಹಸಿದು ಕೂತಿರುತ್ತಿದ್ದರು. ಪೌಲ ಬೈದದ್ದು ಆ ನಡತೆಗೆ. ಯೋಗ್ಯರಾದವರು ಮಾತ್ರ ಬನ್ನಿ ಅಂತ ಅವನು ಹೇಳಲಿಲ್ಲ, ಹಾಗೆ ಹೇಳಿದ್ದರೆ ಮೇಜಿನ ಸುತ್ತ ಯಾರೂ ಇರುತ್ತಿರಲಿಲ್ಲ. 28ನೇ ವಚನ ಪರೀಕ್ಷಿಸಿಕೊಂಡು ದೂರ ಕೂರಲಿ ಅನ್ನುವುದಿಲ್ಲ, ಪರೀಕ್ಷಿಸಿಕೊಂಡು ತಿನ್ನಲಿ ಅನ್ನುತ್ತದೆ.

ಇನ್ನೊಂದು ವಿಷಯ, ಇದನ್ನು ಓದುವ ಬೇರೆಯವರಿಗೂ ಸೇರಿಸಿ. ಎಲ್ಲವನ್ನೂ ಸರಿಪಡಿಸಿದ ಮೇಲೂ, ಪ್ರಾರ್ಥನೆಯನ್ನು ಇಷ್ಟೇ ಸಲ ಹೇಳಬೇಕು, ಒಂದು ಪದ ತಪ್ಪಿದರೆ ಮೊದಲಿಂದ ಶುರು ಮಾಡಬೇಕು ಅನ್ನುವ ಒತ್ತಡ ಇದ್ದರೆ, ಬೇಡದ ಕೆಟ್ಟ ಯೋಚನೆಗಳು ತಾವಾಗೇ ಬಂದು ಗಂಟೆಗಟ್ಟಲೆ ಕಾಡುತ್ತಿದ್ದರೆ, ಅದು ಗೀಳು ಕಾಯಿಲೆ ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ಕ್ಲಿನಿಕ್ ಇದೆ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕೇ ಸಾಕು ಅನಿಸಿದರಂತೂ ಒಂದು ದಿನವೂ ಕಾಯಬೇಡಿ. ಡಾಕ್ಟರ ಹತ್ತಿರ ಹೋಗುವುದು ನಂಬಿಕೆಯ ಕೊರತೆ ಅಲ್ಲ. ಇನ್ನು, ಬೇರೆಯವರು ತಮ್ಮ ಮೇಲೆ ಮಾಡಿದ ದೌರ್ಜನ್ಯದಿಂದಾಗಿ ತಾವೇ ಕೊಳಕಾದೆವು ಅಂದುಕೊಂಡು ಕ್ಷಮೆ ಕೇಳುತ್ತಿರುವವರು ನನ್ನ ಹತ್ತಿರ ತುಂಬ ಬಂದಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೇ, ಅದು ನಿಮ್ಮ ಪಾಪವೇ ಅಲ್ಲ, ಒಪ್ಪಿಕೊಳ್ಳುವುದಕ್ಕೆ ಅಲ್ಲಿ ನಿಮ್ಮದು ಏನೂ ಇಲ್ಲ.

ತಂಗಿ, ಇವತ್ತು ರಾತ್ರಿ ಹಳೆಯ ಪ್ರಾರ್ಥನೆ ಬೇಡ. ಒಂದೇ ಒಂದು ಸಲ, "ಕ್ಷಮಿಸಿದ್ದಕ್ಕೆ ಸ್ತೋತ್ರ, ಅತ್ತಿಗೆಯ ಮನೆಗೆ ಹೋಗಲು ಕಾಲಿಗೆ ಬಲ ಕೊಡು" ಅಂತ ಹೇಳಿ ಮಲಗಿ. ಈ ವಾರದಲ್ಲೇ ಅವರಿಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ಹೋಗಿಬಂದ ಮೇಲೆ, ಅಲ್ಲಿ ಏನೇ ಆಗಿರಲಿ, ನಿಮ್ಮ ಸಭೆಯಲ್ಲಿ ಮುಂದಿನ ಸಲ ಕರ್ತನ ಭೋಜನ ಇರುವಾಗ ಎದ್ದು ಹೋಗಿ ಕೈ ಚಾಚಿ. ಕೈ ನಡುಗಿದರೆ ನಡುಗಲಿ. ಅತ್ತಿಗೆಯ ಊರಿಗೆ ಯಾವ ದಿನ, ಎಷ್ಟು ಹೊತ್ತಿಗೆ ಹೋಗುತ್ತೀರಿ ಅಂತ ನನಗೆ ಎರಡು ಸಾಲು ಬರೆಯಿರಿ. ಆ ಹೊತ್ತಿಗೆ ನಾನು ಬೇರೆ ಕೆಲಸ ಇಟ್ಟುಕೊಳ್ಳದೆ ನಿಮ್ಮಿಬ್ಬರಿಗಾಗಿ ಪ್ರಾರ್ಥನೆಯಲ್ಲಿ ಕೂತಿರುತ್ತೇನೆ.